ಹಾವಿಗೆ ಎಷ್ಟಡಿ ಮನೆ?

ಹಾವು ಸಾಕಿದವರ ಮನೆಗೆ ಬಂದವರು ಮೊದಲು ಕೇಳುವುದು ಒಂದೇ ಮಾತು: ದಿನವಿಡೀ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುವ ಪ್ರಾಣಿಗೆ ಇಷ್ಟು ದೊಡ್ಡ ಪೆಟ್ಟಿಗೆ ಯಾತಕ್ಕೆ? ಕೇಳುವವರ ತಪ್ಪೇನಿಲ್ಲ. ನಾವು ಹತ್ತಿರದಿಂದ ನೋಡಿರುವುದು ಹಾವಾಡಿಗನ ಬುಟ್ಟಿಯ ಹಾವನ್ನು. ಮುಚ್ಚಳ ತೆಗೆದರೆ ಹೆಡೆ, ಹಾಕಿದರೆ ಸುರುಳಿ. ಅದು ಸುರುಳಿ ಸುತ್ತುತ್ತಿದ್ದದ್ದು ಇಷ್ಟಪಟ್ಟಲ್ಲ, ಬುಟ್ಟಿಯಲ್ಲಿ ಬೇರೆ ದಾರಿ ಇರಲಿಲ್ಲ. ಕ್ಲಿಫರ್ಡ್ ವಾರ್ವಿಕ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಲವು ಜಾತಿಯ ಹಾವುಗಳನ್ನು ತಲಾ ಒಂದು ಗಂಟೆ ನೋಡುತ್ತ ಕೂತಾಗ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹಾವುಗಳು ಅಷ್ಟು ಹೊತ್ತಿನಲ್ಲೇ ಮೈಯನ್ನು ನೇರಕ್ಕೆ, ಇಲ್ಲವೇ ಹೆಚ್ಚುಕಮ್ಮಿ ನೇರಕ್ಕೆ ಚಾಚಿದ್ದವು.

ಹಾಗಾಗಿ ಪೆಟ್ಟಿಗೆಯ ಉದ್ದ ಹಾವಿನ ಉದ್ದಕ್ಕಿಂತ ಕಡಿಮೆ ಇರಕೂಡದು ಎಂಬ ನಿಯಮವನ್ನು ಈಗ ಹೆಚ್ಚಿನ ಸಾಕಣೆದಾರರು ಒಪ್ಪುತ್ತಾರೆ. ಮೊದಲು ಉದ್ದ ಮತ್ತು ಅಗಲ ಕೂಡಿಸಿದರೆ ಹಾವಿನಷ್ಟಾದರೆ ಸಾಕು ಎನ್ನುತ್ತಿದ್ದರು. ಆದರೆ ಕರ್ನಾಟಕದ ಗಡಿಯಂಚಿನಲ್ಲಿರುವ ಆಂಧ್ರದ ಆದವಾನಿ, ಎಮ್ಮಿಗನೂರು, ಕೋಸಿಗಿ, ಆಲೂರಿನಂಥ ಊರುಗಳಲ್ಲಿ ಪೆಟ್ಟಿಗೆ ಮಾಡಿಸುವವರಿಗೆ ಈ ನಿಯಮವೊಂದೇ ಸಾಲದು. ಇಂಗ್ಲೆಂಡಿನವರೂ ಅಮೆರಿಕದವರೂ ಬರೆದ ಪುಸ್ತಕಗಳೆಲ್ಲ ತಣ್ಣನೆಯ ಕೋಣೆಯಲ್ಲಿ ಹಾವನ್ನು ಬೆಚ್ಚಗಿಡುವುದು ಹೇಗೆ ಎಂದು ಹೇಳುತ್ತವೆ. ನಮ್ಮ ಕಷ್ಟ ಅದರ ಉಲ್ಟಾ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಹಾವಿಗೆ ತಂಪು ಎಲ್ಲಿ ಸಿಗಬೇಕು ಎಂಬ ಪ್ರಶ್ನೆಯಿಂದಲೇ ಪೆಟ್ಟಿಗೆಯ ಅಳತೆ ಶುರುವಾಗಬೇಕು.

ಅದಕ್ಕೂ ಮೊದಲು ಯಾವ ಹಾವು ಎಂಬುದು ಇತ್ಯರ್ಥವಾಗಲಿ. ಹೊಲದಲ್ಲಿ ಸಿಕ್ಕ ಕೇರೆ, ಬೆಟ್ಟದಲ್ಲಿ ಸಿಕ್ಕ ಹೆಬ್ಬಾವಿನ ಮರಿ, ನಾಗರಹಾವು ಇವ್ಯಾವನ್ನೂ ಮನೆಯಲ್ಲಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಮಣ್ಣುಮುಕ್ಕ ಹಾವು ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂದು ನಂಬಿಸಿ ಮಾರುವವರು ಗಡಿಯ ಈಚೆಗೂ ಇದ್ದಾರೆ, ಆಚೆಗೂ ಇದ್ದಾರೆ. ಆ ಹಾವನ್ನು ಕೊಂಡವರ ಮನೆಗೆ ಬರುವುದು ಅರಣ್ಯ ಇಲಾಖೆಯವರು. ಕಾನೂನಿನ ಚೌಕಟ್ಟಿನಲ್ಲಿ ಸಾಕಲು ಉಳಿಯುವುದು ವಿದೇಶಿ ಜಾತಿಗಳು. ಅವುಗಳಲ್ಲಿ ನಮ್ಮಲ್ಲಿ ಹೆಚ್ಚು ಕಾಣುವುದು ಆಫ್ರಿಕಾದ ಬಾಲ್ ಪೈಥಾನ್ ಮತ್ತು ಅಮೆರಿಕದ ಕಾರ್ನ್ ಸ್ನೇಕ್. ಎರಡಕ್ಕೂ ವಿಷವಿಲ್ಲ.

ಬಾಲ್ ಪೈಥಾನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ಪ್ರಾಣಿಗಳು ನಾಲ್ಕನೇ ಪರಿಶಿಷ್ಟಕ್ಕೆ ಸೇರಿವೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ, ಪ್ರಾಣಿ ಕೈಗೆ ಬಂದ ಮೂವತ್ತು ದಿನದೊಳಗೆ ಪರಿವೇಶ್ 2.0 ಜಾಲತಾಣದಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೆ ಅರ್ಜಿ ಹಾಕಿ ನೋಂದಾಯಿಸಬೇಕು. ಮಾರುವವನ ಬಳಿ ಕಾಗದ ಇಲ್ಲದಿದ್ದರೆ ಅದು ಎಲ್ಲಿಂದ ಬಂದ ಮಾಲು ಎಂದು ಊಹಿಸುವುದು ಕಷ್ಟವಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸೂಟ್‌ಕೇಸುಗಳನ್ನು ತೆರೆದಾಗ ಸಿಕ್ಕ 72 ಹಾವುಗಳಲ್ಲಿ 55 ಬಾಲ್ ಪೈಥಾನ್‌ಗಳೇ ಆಗಿದ್ದವು. ಉಳಿದ ಹದಿನೇಳು ಕಾಳಿಂಗ ಸರ್ಪಗಳು.

ಇನ್ನು ಬೆಳವಣಿಗೆಯ ಲೆಕ್ಕ. ಮೊಟ್ಟೆಯಿಂದ ಬಂದ ಬಾಲ್ ಪೈಥಾನ್ ಮರಿ ಒಂದಡಿಯ ಆಸುಪಾಸು ಇರುತ್ತದೆ. ಗಂಡು ಬೆಳೆದರೆ ಮೂರು, ಮೂರೂವರೆ ಅಡಿ. ಹೆಣ್ಣು ನಾಲ್ಕರಿಂದ ಐದಡಿ. ಕಾರ್ನ್ ಸ್ನೇಕ್ ಮರಿ ಪೆನ್ಸಿಲಿಗಿಂತ ಸಣ್ಣ, ಬೆಳೆದರೆ ಮೂರರಿಂದ ಐದಡಿ. ಎರಡೂ ಮೊದಲ ಎರಡು ಮೂರು ವರ್ಷ ಕಣ್ಣಿಗೆ ಕಾಣುವಂತೆ ಬೆಳೆದು, ಆಮೇಲೆ ನಿಧಾನವಾಗುತ್ತವೆ. ಪೆಟ್ಟಿಗೆ ಚಿಕ್ಕದಾದರೆ ಹಾವೂ ಚಿಕ್ಕದಾಗಿಯೇ ಉಳಿಯುತ್ತದೆ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಹಾವಿನ ಬೆಳವಣಿಗೆ ನಿಲ್ಲುವುದು ಹೊಟ್ಟೆಗೆ ಕಡಿಮೆಯಾದಾಗ, ಕಾಯಿಲೆ ಬಿದ್ದಾಗ. ಗೋಡೆ ನೋಡಿಕೊಂಡು ಅದು ಬೆಳೆಯುವುದಿಲ್ಲ. ಇನ್ನೊಂದು ವಿಷಯ ಆಯುಷ್ಯ. ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿ ಮೃಗಾಲಯದಲ್ಲಿ ಅರವತ್ತು ದಾಟಿದ ಹೆಣ್ಣೊಂದು 2020ರಲ್ಲಿ ಮೊಟ್ಟೆಯಿಟ್ಟಿತು. ಈಗ ಕಾಲೇಜಿನಲ್ಲಿರುವ ಹುಡುಗ ಕೊಂಡ ಹಾವು ಅವನ ಮಗಳ ಮದುವೆಗೂ ಮನೆಯಲ್ಲೇ ಇರಬಹುದು. ಪೆಟ್ಟಿಗೆಯನ್ನು ಆ ಲೆಕ್ಕದಲ್ಲೇ ಮಾಡಿಸಬೇಕು.

ಅಳೆಯುವುದು ಹೇಗೆ? ಬಿಟ್ಟ ಪೊರೆಯನ್ನು ಹಾಸಿ ಅಳೆಯುವ ಅಭ್ಯಾಸ ಹಲವರಿಗಿದೆ. ಅದು ಸುಳ್ಳು ಲೆಕ್ಕ. ಪ್ರತಿ ಹುರುಪೆಯ ಮೇಲಿನ ಪದರ, ಅಡಿಗೆ ಮಡಚಿದ ಪದರ, ಎರಡು ಹುರುಪೆಗಳ ನಡುವಿನ ಮಡಿಕೆ ಎಲ್ಲವೂ ಪೊರೆಯಲ್ಲಿ ಬಿಚ್ಚಿಕೊಂಡು ಬರುತ್ತವೆ. ಹಾಗಾಗಿ ಪೊರೆ ಹಾವಿಗಿಂತ ಸಾಕಷ್ಟು ಉದ್ದ. ಹಾವನ್ನೇ ಹಿಡಿದು ಎಳೆದು ನೇರ ಮಾಡುವುದಂತೂ ಕೂಡದು. ಸುಲಭದ ದಾರಿಯೆಂದರೆ ಗಾಜಿನ ಹೊರಗೆ, ತಳಕ್ಕೆ ಸರಿಯಾಗಿ, ದರ್ಜಿಯ ಟೇಪೊಂದನ್ನು ಅಂಟಿಸಿಬಿಡುವುದು. ರಾತ್ರಿ ಅದು ಗಾಜಿಗೆ ಒತ್ತಿಕೊಂಡು ಹರಿದಾಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆದರಾಯಿತು. ಮೈ ಅಂಕುಡೊಂಕಾಗಿದ್ದರೆ ಫೋಟೊ ಮೇಲೆ ನೂಲು ಇಟ್ಟು, ಆ ನೂಲನ್ನು ಚಿತ್ರದಲ್ಲಿರುವ ಟೇಪಿಗೇ ಹಿಡಿಯಬಹುದು. ಅರಳೆ ಮಿಲ್ಲುಗಳ ಊರಲ್ಲಿ ನೂಲಿಗೇನು ಬರ?

ಮರಿ ತಂದವರು ಸಾಮಾನ್ಯವಾಗಿ ಎರಡಡಿಯ ಗಾಜಿನ ತೊಟ್ಟಿಯಿಂದ ಶುರು ಮಾಡಿ, ವರ್ಷದ ಮೇಲೆ ಮೂರಡಿ, ಇನ್ನೊಂದು ವರ್ಷಕ್ಕೆ ನಾಲ್ಕಡಿ ಎಂದು ಮೂರು ಸಲ ಖರ್ಚು ಮಾಡುತ್ತಾರೆ. ಮೀನಿನ ಅಂಗಡಿಯ ತೊಟ್ಟಿಗಳನ್ನು ಎತ್ತರ ನೋಡಿ ಮಾಡಿರುತ್ತಾರೆ, ಹಾವಿಗೆ ಬೇಕಾದದ್ದು ನೆಲ. ಬಾಲ್ ಪೈಥಾನ್ ರಾತ್ರಿ ಹೊತ್ತು ಕೊಂಬೆ ಹತ್ತದೆ ಇರುವುದಿಲ್ಲ, ಆದರೂ ಅದರ ಹೆಚ್ಚಿನ ಬದುಕು ನೆಲದ ಮೇಲೆಯೇ. ತೊಟ್ಟಿಗೆ ಜಾಲರಿ ಮುಚ್ಚಳ ಹಾಕಿದರೆ ನಮ್ಮ ಒಣಗಾಳಿಯಲ್ಲಿ ಒಳಗಿನ ತೇವವೆಲ್ಲ ಗಳಿಗೆಯಲ್ಲಿ ಹಾರಿಹೋಗುತ್ತದೆ. ಬಾಲ್ ಪೈಥಾನಿಗೆ 55ರಿಂದ 70 ಪ್ರತಿಶತ ತೇವಾಂಶ ಬೇಕು. ಅದು ಸಿಗದಿದ್ದರೆ ಪೊರೆ ಒಂದೇ ಕಾಲುಚೀಲದ ಹಾಗೆ ಕಳಚದೆ ಚೂರುಚೂರಾಗಿ ಮೈಗೆ ಅಂಟುತ್ತದೆ, ಕಣ್ಣಿನ ಮೇಲಿನ ಪೊರೆ ಉಳಿದರಂತೂ ತೊಂದರೆಯೇ.

ನನ್ನ ಮಟ್ಟಿಗೆ ಹೇಳುವುದಾದರೆ, ನಡುವಿನ ಅಳತೆಗಳನ್ನೆಲ್ಲ ಬಿಟ್ಟು ಮೊದಲಿಗೇ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಮರದ ಪೆಟ್ಟಿಗೆ ಮಾಡಿಸುವುದು ಜಾಣತನ. ಪ್ಲೈವುಡ್ ಹಲಗೆ ಎಂಟಡಿ ಉದ್ದ, ನಾಲ್ಕಡಿ ಅಗಲಕ್ಕೆ ಬರುತ್ತದೆ. ಅದನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಸರಿಯಾಗಿ ನಡುವೆ ಕೊಯ್ದರೆ ನಾಲ್ಕಡಿ ಎರಡಡಿಯ ನಾಲ್ಕು ತುಂಡು. ಒಂದು ತಳಕ್ಕೆ, ಒಂದು ಮೇಲಕ್ಕೆ, ಒಂದು ಬೆನ್ನಿಗೆ. ನಾಲ್ಕನೆಯದನ್ನು ಎರಡು ಮಾಡಿದರೆ ಎರಡೂ ಪಕ್ಕೆ ಆಯಿತು. ಒಂದೇ ಹಲಗೆಯಲ್ಲಿ, ಗರಗಸದ ಹೊಟ್ಟು ಬಿಟ್ಟರೆ ಏನೂ ಮಿಗದೆ, ಪೆಟ್ಟಿಗೆ ಮುಗಿಯುತ್ತದೆ. ಮುಂಭಾಗಕ್ಕೆ ಅಂಗಡಿಯ ಶೋಕೇಸಿನ ಹಾಗೆ ಅಲ್ಯುಮಿನಿಯಂ ಚಾನಲ್ಲಿನಲ್ಲಿ ಜಾರುವ ಎರಡು ಗಾಜು. ಬಡಗಿಗೆ ಶೋಕೇಸ್ ಎಂದೇ ಹೇಳಿ. “ಒಳಗ ಏನಿಡ್ತೀರಿ ಸಾರ್?” ಎಂದು ಅವನು ಕೇಳಿದಾಗ ನಿಜ ಹೇಳುವುದು ಹಣ ಕೊಟ್ಟು ಮುಗಿದ ಮೇಲಾದರೆ ಒಳ್ಳೆಯದು. ಒಳಮೂಲೆಗಳಿಗೆ ಸಿಲಿಕೋನ್, ಒಳಗೂ ಹೊರಗೂ ನೀರು ತಡೆಯುವ ವಾರ್ನಿಷ್. ಅಂಟಿನ, ವಾರ್ನಿಷಿನ ವಾಸನೆ ಪೂರ್ತಿ ಹೋಗುವವರೆಗೆ, ಎರಡು ವಾರವಾದರೂ, ಪೆಟ್ಟಿಗೆ ಬಾಯ್ತೆರೆದೇ ಇರಬೇಕು. ಗಾಳಿಗೆ ಒಂದು ಪಕ್ಕೆಯಲ್ಲಿ ಕೆಳಗೆ, ಇನ್ನೊಂದರಲ್ಲಿ ಮೇಲೆ ಸಣ್ಣ ಜಾಲರಿ ಕಿಂಡಿ ಸಾಕು.

ನಾಲ್ಕಡಿ ಪೆಟ್ಟಿಗೆಯ ಮೂಲೆಯಿಂದ ಮೂಲೆಗೆ ಹಿಡಿದರೆ ಸುಮಾರು ನಾಲ್ಕೂವರೆ ಅಡಿ ಸಿಗುತ್ತದೆ. ಹಾಗಂತ ನಾಲ್ಕೂವರೆ ಅಡಿಯ ಹೆಣ್ಣಿಗೆ ಇದು ಸಾಕು ಎಂದು ಸಮಾಧಾನ ಪಟ್ಟುಕೊಳ್ಳುವುದು ಕಾಗದದ ಮೇಲಿನ ಲೆಕ್ಕ. ಒಳಗೆ ನೀರಿನ ಬಟ್ಟಲು, ಗೂಡು, ಕೊಂಬೆ ಇಟ್ಟ ಮೇಲೆ ಆ ಕರ್ಣರೇಖೆ ಖಾಲಿ ಇರುವುದಿಲ್ಲ. ಹೆಣ್ಣೆಂದು ಮೊದಲೇ ಗೊತ್ತಿದ್ದರೆ ಐದಡಿಗೆ ಹೋಗಿ. ಹಲಗೆ ಒಂದೂವರೆ ಬೇಕಾಗುತ್ತದೆ, ಅಷ್ಟೇ.

ದೊಡ್ಡ ಪೆಟ್ಟಿಗೆಯಲ್ಲಿ ಮರಿ ಹೆದರಿ ತಿನ್ನುವುದಿಲ್ಲ ಎಂಬ ಮಾತಿದೆ. ಇದರಲ್ಲಿ ಅರ್ಧ ನಿಜ. ಮರಿಗೆ ಹೆದರಿಕೆಯಾಗುವುದು ಜಾಗ ದೊಡ್ಡದೆಂದಲ್ಲ, ಬಯಲಾಗಿದೆ ಎಂದು. ಪಶ್ಚಿಮ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಬಾಲ್ ಪೈಥಾನ್ ಹಗಲು ಕಳೆಯುವುದು ಇಲಿಯ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ಟಿಗೆಯ ಎರಡೂ ಕೊನೆಗೆ ಒಂದೊಂದು ಗೂಡು, ನಡುವೆ ಒಣ ಕೊಂಬೆ, ತೊಗಟೆ, ಎಲೆ ಇಟ್ಟರೆ ಮರಿ ಮರೆಯಿಂದ ಮರೆಗೆ ಹೋಗುತ್ತದೆ. ಗೂಡು ಅದರ ಸುರುಳಿಗೆ ಸರಿಯಾಗಿ ಇಕ್ಕಟ್ಟಾಗಿರಬೇಕು. ಮೈಯ ಮೂರು ಕಡೆ ಗೋಡೆ ತಾಗಿದರೆ ಅದಕ್ಕೆ ನೆಮ್ಮದಿ. ಪೆಟ್ಟಿಗೆಯನ್ನು ದೊಡ್ಡದಿಟ್ಟು ಗೂಡನ್ನು ಮಾತ್ರ ವರ್ಷಕ್ಕೊಮ್ಮೆ ಬದಲಿಸಿ, ಖರ್ಚು ಮಣ್ಣಿನ ಮಡಕೆಯಷ್ಟು. ಇಷ್ಟಾದರೂ ಧೈರ್ಯವಿಲ್ಲದವರು ಒಳಗೊಂದು ಪ್ಲೈ ಅಡ್ಡಗೋಡೆ ನಿಲ್ಲಿಸಿ ಮೊದಲ ಕೆಲವು ತಿಂಗಳು ಮೂರಡಿಯಷ್ಟನ್ನೇ ಬಿಟ್ಟುಕೊಡಬಹುದು. ಗೋಡೆಯ ಬುಡ, ತುದಿಯಲ್ಲಿ ಸಂದು ಉಳಿಯದಂತೆ ನೋಡಿಕೊಳ್ಳಬೇಕು, ಉಳಿದ ಮೂರಡಿಯಲ್ಲೇ ಬೆಚ್ಚನೆಯ ಕೊನೆಯೂ ತಂಪು ಕೊನೆಯೂ ಇರಬೇಕು.

ಅಳತೆಯ ಗುಟ್ಟು ಇರುವುದು ಈ ಎರಡು ಕೊನೆಗಳಲ್ಲಿ. ಹಾವಿನ ರಕ್ತಕ್ಕೆ ಸ್ವಂತ ಬಿಸಿಯಿಲ್ಲ. ತಿಂದ ಇಲಿ ಅರಗಬೇಕಾದರೆ ಬೆಚ್ಚನೆಯ ಕಡೆಗೆ ಹೋಗುತ್ತದೆ, ಮೈ ಸಾಕಷ್ಟು ಕಾದರೆ ತಂಪಿಗೆ ಬರುತ್ತದೆ. ಬಾಲ್ ಪೈಥಾನಿಗೆ ಬೆಚ್ಚನೆಯ ಕೊನೆ 31ರಿಂದ 33 ಡಿಗ್ರಿ, ತಂಪಿನದು 25, 26. ಕಾರ್ನ್ ಸ್ನೇಕಿಗೆ ಎರಡೂ ಕಡೆ ಎರಡು ಮೂರು ಡಿಗ್ರಿ ಕಡಿಮೆ. ಒಂದೂವರೆ ಅಡಿಯ ಡಬ್ಬಿಯಲ್ಲಿ ಒಂದು ಕಡೆ ಬಿಸಿ ಮಾಡಿದರೆ ಇನ್ನೊಂದು ಕಡೆಯೂ ಬಿಸಿಯಾಗುತ್ತದೆ. ಏಳೆಂಟು ಡಿಗ್ರಿ ಅಂತರ ಉಳಿಯಬೇಕೆಂದರೆ ನಡುವೆ ಮೂರು ನಾಲ್ಕಡಿ ದೂರ ಇರಲೇಬೇಕು. ಅಂದರೆ ಉದ್ದದ ಪೆಟ್ಟಿಗೆ ಹಾವಿಗೆ ಓಡಾಡುವ ಜಾಗವನ್ನಷ್ಟೇ ಕೊಡುವುದಿಲ್ಲ, ಎರಡು ಹವಾಮಾನ ಕೊಡುತ್ತದೆ, ಎಲ್ಲಿರಬೇಕೆಂಬ ಆಯ್ಕೆಯನ್ನು ಹಾವಿಗೇ ಬಿಡುತ್ತದೆ.

ನಮ್ಮಲ್ಲಿ ಬಿಸಿ ಮಾಡಬೇಕಾದದ್ದು ನವೆಂಬರಿನಿಂದ ಫೆಬ್ರವರಿಯವರೆಗೆ, ಅದೂ ಮುಖ್ಯವಾಗಿ ರಾತ್ರಿ. ಮೇಲಿನಿಂದ ಬಿಸಿ ಬಿಡುವ ಸೆರಾಮಿಕ್ ಬಲ್ಬಿಗೆ ತಂತಿ ಪಂಜರ ಹಾಕಿ, ಥರ್ಮೋಸ್ಟಾಟ್ ಮೂಲಕ ಕೊಟ್ಟರೆ ಸಾಕು. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಕೋಳಿ ಸಾಕುವವರು ಹಾಕುವ ಥರ್ಮೋಸ್ಟಾಟೇ ಇಲ್ಲಿಗೂ ನಡೆಯುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಬಲ್ಬು ಉರಿಸುವವರು ಹಾವು ಸಾಕುತ್ತಿಲ್ಲ, ಬೇಯಿಸುತ್ತಿದ್ದಾರೆ.

ಬೇಸಿಗೆಯ ಮಾತು ಬೇರೆ. ಕೋಣೆಯೇ 38 ಡಿಗ್ರಿಯಾದಾಗ ನಾಲ್ಕಡಿ ಪೆಟ್ಟಿಗೆಯ ಎರಡೂ ಕೊನೆ 38. ಹತ್ತಡಿಯ ಪೆಟ್ಟಿಗೆಯಾದರೂ ಅಷ್ಟೇ. ಹಾವು 35 ದಾಟಿದ ಬಿಸಿಯಲ್ಲಿ ಹೆಚ್ಚು ಹೊತ್ತು ತಾಳುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಪೆಟ್ಟಿಗೆಯ ಅಳತೆಗಿಂತ ಅದನ್ನಿಡುವ ಕೋಣೆ ದೊಡ್ಡ ವಿಷಯ. ತಗಡಿನ ಮಾಡು, ಮಹಡಿಯ ಮೇಲಿನ ಒಂಟಿ ಕೋಣೆ, ಪಶ್ಚಿಮದ ಗೋಡೆ ಮೂರೂ ಬೇಡ. ಆದವಾನಿಯ ಹಳೆಯ ಓಣಿಗಳಲ್ಲಿ ಇನ್ನೂ ಉಳಿದಿರುವ ದಪ್ಪ ಕಲ್ಲುಗೋಡೆಯ ಮಾಳಿಗೆ ಮನೆಯಿದ್ದರೆ ಅದರ ನಡುಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹೊರಗೆ ಬಿಸಿಲು ಬಡಿಯುತ್ತಿದ್ದರೂ ಒಳಗೆ ಸಂಜೆಯವರೆಗೆ ಬಿಸಿ ತಟ್ಟುವುದಿಲ್ಲ. ಪೆಟ್ಟಿಗೆ ಮೇಜಿನ ಮೇಲೆ ಬೇಡ, ನೆಲಕ್ಕೆ ಹತ್ತಿರವಿರಲಿ. ತಂಪು ಕೊನೆಯಲ್ಲಿ ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕ ಕಡಪ ಕಲ್ಲಿನ ತುಂಡೊಂದನ್ನು ಹಾಸಿ, ಅದರ ಮೇಲೆ ಅಡ್ಡ ಮಲಗಿಸಿದ ಮಣ್ಣಿನ ಮಡಕೆ ಇಟ್ಟು, ಮಡಕೆಯ ಹೊರಮೈಗೆ ದಿನಕ್ಕೆರಡು ಸಲ ನೀರು ಚಿಮುಕಿಸಿ. ಮಡಕೆ ಬೆವರುವಾಗ ಒಳಗೆ ತಂಪೂ ಆಗುತ್ತದೆ, ಪೊರೆಗೆ ಬೇಕಾದ ತೇವವೂ ಸಿಗುತ್ತದೆ. ಚೆನ್ನೈ ಹತ್ತಿರದ ವಡನೆಮ್ಮೇಲಿಯಲ್ಲಿ, 1978ರಲ್ಲಿ ಶುರುವಾದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘ ವಿಷ ತೆಗೆಯುವ ಹಾವುಗಳನ್ನು ಇಡುತ್ತ ಬಂದಿರುವುದು ಮಣ್ಣಿನ ಮಡಕೆಗಳಲ್ಲೇ, ಬಾಯಿಗೆ ಬಟ್ಟೆ ಕಟ್ಟಿ. ಆದರೆ ಅವರು ಹಾವನ್ನು ಮೂರು ನಾಲ್ಕು ವಾರದಲ್ಲಿ ಕಾಡಿಗೆ ಬಿಟ್ಟುಬಿಡುತ್ತಾರೆ. ಅವರಿಗೆ ಮಡಕೆಯೇ ಮನೆ, ನಮಗದು ಮನೆಯೊಳಗಿನ ಒಂದು ಕೋಣೆ ಮಾತ್ರ.

ಏರ್ ಕೂಲರ್ ಈ ಸೀಮೆಗೆ ಹೇಳಿ ಮಾಡಿಸಿದ್ದು. ಏಪ್ರಿಲ್‌ನ ಒಣಗಾಳಿಯಲ್ಲಿ ಅದು ಕೋಣೆಯನ್ನು ತಣಿಸುವುದರ ಜೊತೆಗೆ ತೇವವನ್ನೂ ಕೊಡುತ್ತದೆ, ಬಾಲ್ ಪೈಥಾನಿಗೆ ಬೇಕಾದದ್ದೂ ಅದೇ. ಗಾಳಿ ನೇರವಾಗಿ ಪೆಟ್ಟಿಗೆಗೆ ಹೊಡೆಯದಿರಲಿ. ಮಳೆಗಾಲ ಹಿಡಿದ ಮೇಲೆ ಕೂಲರಿನಿಂದ ತಂಪು ಬರುವುದಿಲ್ಲ, ಬರೀ ತೇವ ಬರುತ್ತದೆ. ಆಗ ನಿಲ್ಲಿಸಿ, ಇಲ್ಲದಿದ್ದರೆ ಹಾವಿನ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಕರೆಂಟು ಹೋಗುವ ಮಧ್ಯಾಹ್ನಗಳಿಗೆ ನೀರು ತುಂಬಿ ಗಟ್ಟಿ ಮಾಡಿದ ಬಾಟಲಿಯನ್ನು ಬಟ್ಟೆ ಸುತ್ತಿ ತಂಪು ಕೊನೆಯ ಹೊರಮೈಗೆ ಒತ್ತಿಡಬಹುದು. ಹಾವು ನೀರಿನ ಬಟ್ಟಲಿನಲ್ಲೇ ಗಂಟೆಗಟ್ಟಲೆ ಕೂತರೆ ಅದಕ್ಕೆ ಸೆಖೆಯಾಗಿದೆ, ಇಲ್ಲವೇ ಮೈಗೆ ನುಸಿ ಹತ್ತಿದೆ. ಎರಡನ್ನೂ ಅವತ್ತೇ ನೋಡಬೇಕು. ಹಾವಿಗೆ ಔಷಧ ತಿಳಿದ ಪಶುವೈದ್ಯರಿಗೆ ಬೆಂಗಳೂರೋ ಹೈದರಾಬಾದೋ ಮುಟ್ಟಬೇಕು.

ಪೆಟ್ಟಿಗೆ ಸಣ್ಣದಾಯಿತು ಎಂಬುದನ್ನು ಹಾವಿನ ಮೂತಿ ಹೇಳುತ್ತದೆ. ರಾತ್ರಿಯಿಡೀ ಗಾಜಿನ ಅಂಚಿಗೆ ಮೂತಿ ಉಜ್ಜಿ ತುದಿಯ ಹುರುಪೆ ಸವೆದು ಕೆಂಪಾಗುತ್ತದೆ. ಹಸಿವಿಗೂ ಬೆದೆಗೂ ಹೀಗೆ ಮಾಡುವುದುಂಟು. ಹೊಟ್ಟೆ ತುಂಬಿದ ಹಾವು ವಾರಗಟ್ಟಲೆ ಇದನ್ನೇ ಮಾಡಿದರೆ ಬಡಗಿಗೆ ಫೋನು ಮಾಡುವ ಹೊತ್ತು.

ದೊಡ್ಡ ಹಾವುಗಳ ವಿಷಯದಲ್ಲಿ ನನ್ನ ಮಾತು ಚಿಕ್ಕದು: ಬೇಡ. ಬರ್ಮಾ ಹೆಬ್ಬಾವಿನ ಮರಿ ಎರಡಡಿಯೂ ಇರುವುದಿಲ್ಲ, ಬೆಳೆದರೆ ಹದಿನೈದಡಿ ದಾಟಬಲ್ಲದು. ಹಾವಿನಷ್ಟೇ ಉದ್ದದ ಪೆಟ್ಟಿಗೆ ಎಂಬ ನಿಯಮ ಹಿಡಿದರೆ ನಡುಮನೆಯನ್ನು ಅದಕ್ಕೆ ಬಿಟ್ಟು ನೀವು ಜಗಲಿಯಲ್ಲಿ ಮಲಗಬೇಕು. 2024ರ ಏಪ್ರಿಲಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಒಬ್ಬ ಪ್ರಯಾಣಿಕನ ಚೀಲದಲ್ಲಿ ಹತ್ತು ಹಳದಿ ಅನಕೊಂಡ ಸಿಕ್ಕವು. ಅವನ್ನು ಕೊಳ್ಳಲು ಕಾದಿದ್ದವರ ಮನೆಯಲ್ಲಿ ಹತ್ತಡಿಯ ಹಾವಿಗೆ ಕೊಳವಿರುವ ಕೋಣೆ ಇತ್ತೇ ಎಂಬುದು ನನ್ನ ಅನುಮಾನ. ಜಾಗ ಸಾಲದೆ ಹೊರಗೆ ಬಿಟ್ಟುಬಿಡುವುದು ಇನ್ನೂ ಕೆಟ್ಟದ್ದು. ಅಮೆರಿಕದ ಫ್ಲಾರಿಡಾದಲ್ಲಿ ಸಾಕಲು ತಂದು ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳ ಸಂತತಿ ಎವರ್‌ಗ್ಲೇಡ್ಸ್ ಜೌಗಿನ ಸಣ್ಣ ಪ್ರಾಣಿಗಳನ್ನು ತಿಂದು ಬರಿದು ಮಾಡಿದೆ.

ಕೊನೆಯದಾಗಿ ಸಂದು ಮತ್ತು ಬೀಗ. ಜಾರುವ ಎರಡು ಗಾಜು ಒಂದರ ಮೇಲೊಂದು ಬರುವಲ್ಲಿ ಕಡ್ಡಿಯಷ್ಟು ಸಂದು ಉಳಿಯುತ್ತದೆ. ಕಾರ್ನ್ ಸ್ನೇಕ್ ಮರಿಗೆ ಅಷ್ಟು ಸಾಕು. ತಲೆ ತೂರಿದಲ್ಲಿ ಮೈ ತೂರುತ್ತದೆ. ಆ ಸಂದಿಗೆ ಪಾರದರ್ಶಕ ರಬ್ಬರ್ ಪಟ್ಟಿ, ಗಾಜಿಗೆ ಶೋಕೇಸಿನ ಹಲ್ಲುಬೀಗ ಹಾಕಿಸಿ. ಬಾಲ್ ಪೈಥಾನ್ ತಪ್ಪಿಸಿಕೊಂಡು ಓಣಿಗೆ ಇಳಿದರೆ ಅದರ ಕಂದು ಮೈ, ದುಂಡು ಮಚ್ಚೆ ನೋಡಿದವರು ಕೊಳಕುಮಂಡಲ ಎಂದೇ ಕೂಗುತ್ತಾರೆ, ಬಡಿಗೆ ಬರುವುದು ಕ್ಷಣದ ಮಾತು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸುವುದು ಇದರ ಇನ್ನೊಂದು ಮಗ್ಗುಲು. ಆದವಾನಿಯ ಸುತ್ತಲಿನ ಹೊಲಗಳಲ್ಲಿ, ಊರಂಚಿನ ಹಿತ್ತಿಲುಗಳಲ್ಲಿ ನಿಜವಾದ ಕೊಳಕುಮಂಡಲ ಇದೆ. ಮನೆಯಲ್ಲಿ ಮಚ್ಚೆ ಹಾವನ್ನು ದಿನಾ ಎತ್ತಿ ಆಡಿಸಿದ ಮಗು, ಕಟ್ಟಿಗೆ ರಾಶಿಯ ಬುಡದಲ್ಲಿ ಅಂಥದೇ ಒಂದನ್ನು ಕಂಡಾಗ ನಮ್ಮ ಹಾವೇ ಹೊರಗೆ ಬಂದಿದೆ ಎಂದು ಕೈ ಹಾಕಿಬಿಡಬಹುದು. ಬೀಗದ ಕೈ ದೊಡ್ಡವರ ಹತ್ತಿರ ಇರಲಿ. ಹೊರಗೆ ಕಂಡ ಹಾವು ಯಾವುದೇ ಇರಲಿ, ಮೊದಲು ಒಳಗೆ ಹೋಗಿ ಪೆಟ್ಟಿಗೆ ನೋಡಿ ಬಂದೇ ಮುಂದಿನ ಮಾತು ಎಂಬ ಅಭ್ಯಾಸ ಮನೆಮಂದಿಗೆಲ್ಲ ಇರಲಿ. ಪೆಟ್ಟಿಗೆ ಖಾಲಿಯಿದ್ದರೂ ಹೊರಗಿನದನ್ನು ಮಕ್ಕಳು ಮುಟ್ಟಕೂಡದು; ದೊಡ್ಡವರೂ ಹತ್ತಿರ ಹೋಗದೆ, ದೂರದಿಂದ ಟಾರ್ಚು ಬಿಟ್ಟು ನೋಡಿ, ಸ್ವಲ್ಪ ಅನುಮಾನವಿದ್ದರೂ ಅರಣ್ಯ ಇಲಾಖೆಯವರನ್ನೋ ಹಾವು ಹಿಡಿಯುವ ನುರಿತವರನ್ನೋ ಕರೆಸಬೇಕು.